ಮುಚ್ಚಳಕ್ಕೆ ಹಚ್ಚಿದ ಸಾಬಾಣ

ಸಾಬಾಣ ಪೆಟ್ರೋಲಿನಲ್ಲಿ ನೆನೆದರೆ ಒಂದು ವಾಸನೆ ಹುಟ್ಟುತ್ತದೆ. ಅದು ಸಾಬಾಣದ್ದೂ ಅಲ್ಲ, ಪೆಟ್ರೋಲಿನದ್ದೂ ಅಲ್ಲ. ಕೆಟ್ಟುಹೋದ ಕೊಬ್ಬರಿ ಎಣ್ಣೆಯ ಹಾಗೆ ಮೂಗಿನೊಳಗೆ ಹೋಗಿ ಕೂತುಬಿಡುತ್ತದೆ. ಇಪ್ಪತ್ತೈದು ವರ್ಷದ ಮೇಲಾಗಿತ್ತು, ಆ ವಾಸನೆ ನನಗೆ ಬಡಿದಿರಲಿಲ್ಲ. ಈ ಮಳೆಗಾಲದಲ್ಲಿ ತಿಳವಳ್ಳಿಯ ಒಂದು ರಿಪೇರಿ ಅಂಗಡಿಯ ಮುಂದೆ ಮತ್ತೆ ಬಡಿಯಿತು.

ನಾನು ಈಗ ಇರುವುದು ಮಗಳ ಮನೆಯಲ್ಲಿ. ಅಳಿಯನ ಹತ್ತಿರ ಗೋವಿನಜೋಳಕ್ಕೆ ಔಷಧ ಹೊಡೆಯುವ ಪಂಪು ಇದೆ. ಬೆನ್ನಿಗೆ ಹಾಕಿಕೊಳ್ಳುವಂಥದ್ದು, ಪೆಟ್ರೋಲಿನ ಮೇಲೆ ಓಡುತ್ತದೆ. ಅದಕ್ಕೆ ಹೊಸ ಕಾರ್ಬೊರೇಟರ್ ಹಾಕಿಸಿ ನಾಲ್ಕು ದಿನ ಆಗಿತ್ತು. ನಾಲ್ಕೂ ದಿನ ಪಂಪು ಅರ್ಧ ಹೊಲ ಮುಗಿಯುವಷ್ಟರಲ್ಲಿ ಬಿಕ್ಕುತ್ತಿತ್ತು, ಇನ್ನಷ್ಟು ರೇಸ್ ಕೊಟ್ಟರೆ ಸಾಯುತ್ತಿತ್ತು. ಅಳಿಯ ಜಗಳಕ್ಕೆಂದೇ ಹೊರಟ. ನನ್ನ ಬಿಪಿ ಗುಳಿಗೆ ಮುಗಿದಿದ್ದವು ಅಂತ ನಾನೂ ಗಾಡಿ ಹತ್ತಿದೆ.

"ನಿನ್ನ ಕಾರ್ಬೇಟರ ಹಾಕಿದ್ದ ಹಾಕಿದ್ದು, ನನ್ನ ಪಂಪ ಕೆಟ್ಟು ಹೋತು" ಅಂತ ಅಳಿಯ ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಶುರು ಮಾಡಿದ. ಅಂಗಡಿಯವನು ಕಾರ್ಬೊರೇಟರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಪೆಟ್ರೋಲ್ ಡಬ್ಬಿಯ ಮುಚ್ಚಳ ತಿರುವಿ ತೆಗೆದು, ಮಗುಚಿ ನೋಡಿ, ಉಗುರಿನಿಂದ ಕೆರೆದ. ಬಿಳಿಯದೊಂದು ಚೂರು ಉದುರಿತು. ವಾಸನೆ ಬಂದದ್ದು ಆಗ.

"ಎಲಿ ಅಕ್ಕ ಕುಂತಾಳ್ರಿ ಇದರಾಗ" ಅಂದ ಅಂಗಡಿಯವನು.

"ಯಾವ ಎಲಿ ಅಕ್ಕ?"

"ಮುಚ್ಚಳದಾಗ ಒಂದು ಗಾಳಿ ತೂತು ಇರ್ತೈತಿ. ಪೆಟ್ರೋಲು ಸೋರ್ತೈತಿ ಅಂತ ಅದಕ್ಕ ಸಾಬಾಣ ಮೆತ್ತೀರಿ ನೀವು. ಹಿಂಗ ತೂತು ಮುಚ್ಚಿತ್ತಂದ್ರ ಹಿರೇಕೆರೂರಾಗ ನಮ್ಮ ಗುರುಗಳು ಎಲಿ ಅಕ್ಕ ಅಂತಿದ್ರು. ಅವರ ಕೈಯಾಗ ಕಲತಾವ್ರೆಲ್ಲಾ ಹಂಗ ಅಂತೀವಿ. ನಿಮ್ಮ ಪಂಪಿಗೆ ಏನೂ ಆಗಿಲ್ಲ, ಒಯ್ರಿ."

ಅಳಿಯ ತಲೆ ಕೆರೆದುಕೊಂಡು ನಕ್ಕ. ನಾನು ಅಂಗಡಿಯ ತಗಡಿನ ಕಂಬ ಹಿಡಿದುಕೊಂಡೆ. ಗುಳಿಗೆ ನುಂಗಿಲ್ಲ, ಅದಕ್ಕೇ ತಲೆ ತಿರುಗಿದೆ ಅಂತ ಅಳಿಯ ತಿಳಿದುಕೊಂಡ. ತಿಳಿದುಕೊಳ್ಳಲಿ ಅಂತ ಬಿಟ್ಟೆ.

ಎಲಿ ಅಕ್ಕ ಅಂದರೆ ನಾನು.

ಸವಣೂರಿನಲ್ಲಿ ನಮ್ಮದೊಂದು ಸಣ್ಣ ವೀಳ್ಯದೆಲೆ ತೋಟ ಇತ್ತು. ಬಳ್ಳಿ ನೋಡಿಕೊಳ್ಳುವುದು ಗಂಡನ ಕೆಲಸ, ಎಲೆ ಮಾರುವುದು ನನ್ನದು. ಆತನಿಗೆ ಗಿರಾಕಿಯ ಜೊತೆ ನಾಲ್ಕು ಮಾತಾಡಲು ಬರುತ್ತಿರಲಿಲ್ಲ, ನನಗೆ ನಾಲ್ಕಕ್ಕೇ ನಿಲ್ಲಿಸಲು ಬರುತ್ತಿರಲಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆದರೆ ಶಿಗ್ಗಾಂವಿ, ಹಾನಗಲ್ ಸಂತೆಗಳಲ್ಲಿ ನನ್ನ ದನಿ ಕೇಳಿದರೆ ಉಳಿದ ಎಲೆ ಮಾರುವವರು ತಮ್ಮ ಪೆಂಡಿ ಆ ಕಡೆ ಸರಿಸಿಕೊಳ್ಳುತ್ತಿದ್ದರು.

ಬಸ್ಸಿನಲ್ಲಿ ಎಲೆ ಒಯ್ದರೆ ಮಂದಿ ತುಳಿದು ಅರ್ಧ ಹಾಳು ಮಾಡುತ್ತಾರೆಂದು ಒಂದು ಹಳೆಯ ಮೊಪೆಡ್ ತೆಗೆದುಕೊಂಡೆವು. ಪೆಡಲು ತುಳಿದು ಚಾಲೂ ಮಾಡುವ ಗಾಡಿ. ನಾನೇ ಕಲಿತೆ, ಎರಡು ಸಲ ಬಿದ್ದೆ, ಮೂರನೆಯ ವಾರಕ್ಕೆ ಸಂತೆಗೆ ಹೋದೆ. ಮುಂದೆ ಕಾಲಿಡುವ ಜಾಗದಲ್ಲಿ ಒಂದು ಪೆಂಡಿ, ಹಿಂದೆ ಎರಡು, ಎಲ್ಲಕ್ಕೂ ಒದ್ದೆ ಗೋಣಿತಟ್ಟು. ಪೆಟ್ರೋಲ್ ಟ್ಯಾಂಕು ಸೀಟಿನ ಮುಂದೆ, ಮುಂದಿನ ಪೆಂಡಿಯ ನೆತ್ತಿಯ ಮೇಲೆಯೇ.

ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಎಲೆಗೆ ಪೆಟ್ರೋಲ್ ವಾಸನೆ ಹತ್ತತೊಡಗಿತು.

ಎಲೆ ಬಹಳ ನಾಜೂಕು ಸಾಮಾನು. ಬಳ್ಳೊಳ್ಳಿ ಮುಟ್ಟಿದ ಕೈಯಿಂದ ಹಿಡಿದರೂ ವಾಸನೆ ಎಳೆದುಕೊಳ್ಳುತ್ತದೆ. ಹಾನಗಲ್ಲಿನ ಒಬ್ಬ ಪಾನಂಗಡಿಯವನು ನನ್ನ ಪೆಂಡಿ ಮೂಸಿ, "ಅಕ್ಕಾ, ಇದನ್ನ ತಿಂದು ಬೀಡಿ ಹಚ್ಚಿದ್ರ ಮೀಸಿಗೆ ಬೆಂಕಿ ಹತ್ತೈತಿ" ಅಂತ ಸಂತೆಯ ತುಂಬ ಕೇಳುವ ಹಾಗೆ ಹೇಳಿದ. ಅಂದು ಮೊದಲ ಬಾರಿ ನನ್ನ ಬಾಯಿ ಕಟ್ಟಿತ್ತು.

ಗಾಡಿಯನ್ನು ಸವಣೂರಿನ ಗ್ಯಾರೇಜಿಗೆ ಒಯ್ದೆ. ಗ್ಯಾರೇಜಿನ ಮಾಲಕ ಬೇರೆ, ಕೆಲಸ ಮಾಡುವ ಮಿಸ್ತ್ರಿ ಬೇರೆ. ನಾನು ಹೇಳುತ್ತಿರುವುದು ಆ ಮಿಸ್ತ್ರಿಯ ಕತೆ.

ನನಗಿಂತ ಏಳೆಂಟು ವರ್ಷ ಸಣ್ಣವನು. ಸಣಕಲು ಮೈ, ಮೊಣಕೈ ತನಕ ಮಡಚಿದ ತೋಳು. ಮಾತು ಕಡಿಮೆ. ಒಳಗಿನ ಸದ್ದು ಕೇಳಲು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ ಇಟ್ಟು, ಇನ್ನೊಂದು ತುದಿ ದವಡೆಯ ಎಲುಬಿಗೆ ಒತ್ತಿಕೊಂಡು ಕೂರುತ್ತಿದ್ದ, ಹಲ್ಲುನೋವು ಬಂದವರ ಹಾಗೆ. ಬಿಚ್ಚಿದ ಸಾಮಾನನ್ನೆಲ್ಲ ಗೋಣಿಯ ಮೇಲೆ ಬಿಚ್ಚಿದ ಸರದಿಯಲ್ಲೇ ಎಡದಿಂದ ಬಲಕ್ಕೆ ಇಡುತ್ತಿದ್ದ. ಆ ಗೋಣಿಯನ್ನು ಯಾರೂ ದಾಟುವ ಹಾಗಿರಲಿಲ್ಲ. ಮಾಲಕನೂ ಸುತ್ತು ಹಾಕಿಯೇ ಹೋಗುತ್ತಿದ್ದ. ಕಾರ್ಬೊರೇಟರಿನೊಳಗೆ ಪೆಟ್ರೋಲು ಬರುವ ತೂತು ಸೂಜಿಯ ಮೊನೆಗಿಂತ ಸಣ್ಣದಂತೆ. ಅದನ್ನು ಎಲ್ಲರೂ ತಂತಿ ಹಾಕಿ ಕೆರೆದರೆ ಆತ ಟಾಂಗಾ ಕುದುರೆಯ ಬಾಲದ ಕೂದಲಿನಿಂದ ಒರೆಸುತ್ತಿದ್ದ. "ತಂತಿ ಹಾಕಿದ್ರ ತೂತು ದೊಡ್ಡದಾಗತೈತ್ರಿ. ಕೂದಲಿಗೆ ಆ ಸೊಕ್ಕಿಲ್ಲ" ಅಂತಿದ್ದ.

ಆತ ನನ್ನ ಗಾಡಿ ನೋಡಿ, ಕಾರ್ಬೊರೇಟರ್ ಸವೆದಿದೆ, ಅಲ್ಲಿಂದಲೇ ಸೋರುತ್ತಿದೆ, ಬದಲಿಸಬೇಕು ಅಂದ. ಬದಲಿಸಿದ. ಸೋರುವುದು ನಿಂತಿತು.

ಪೂರ್ತಿ ನಿಲ್ಲಲಿಲ್ಲ. ಟ್ಯಾಂಕು ತುಂಬಿಸಿದ ದಿನ ತಗ್ಗು ದಿಣ್ಣೆಯಲ್ಲಿ ಗಾಡಿ ಕುಲುಕಿದರೆ ಮುಚ್ಚಳದ ನಡುವಿನ ಸಣ್ಣ ತೂತಿನಿಂದ ಒಂದೊಂದು ಹನಿ ಪೆಂಡಿಯ ಮೇಲೆ ಬೀಳುತ್ತಿತ್ತು. ಇದಕ್ಕೆ ಮಿಸ್ತ್ರಿ ಯಾಕೆ ಬೇಕು? ಸೋರುವ ಕೊಡಕ್ಕೆ ಸಾಬಾಣ ಮೆತ್ತುವುದು ನಮ್ಮ ಅವ್ವನ ಕಾಲದಿಂದಲೂ ಇದ್ದದ್ದೇ. ಚೀಲದಲ್ಲಿ ಕೈ ತೊಳೆಯಲು ಅರಿವೆ ಸಾಬಾಣದ ತುಂಡು ಯಾವಾಗಲೂ ಇರುತ್ತಿತ್ತು. ಒಂದು ಚೂರು ಮುರಿದು, ಹಿಸುಕಿ, ತೂತಿಗೆ ತುಂಬಿದೆ. ಹೆಬ್ಬೆರಳಿನಿಂದ ಒರೆಸಿ ಸಾಪು ಮಾಡಿದೆ. ಮಾಡಿದೆ, ಮರೆತೆ. ಅದೊಂದು ಕೆಲಸ ಅಂತಲೂ ನನ್ನ ತಲೆಯಲ್ಲಿ ಉಳಿಯಲಿಲ್ಲ.

ಎರಡನೆಯ ದಿನದಿಂದ ಗಾಡಿ ಬಿಕ್ಕತೊಡಗಿತು.

ಸವಣೂರು ಬಿಟ್ಟು ಒಂದೂವರೆ ಹರದಾರಿ, ಏಳು ಕಿಲೋಮೀಟರಿನಷ್ಟು, ಹೋಗುವ ತನಕ ಏನೂ ಇಲ್ಲ. ಬಂಕಾಪುರದ ಹಾದಿಯಲ್ಲಿ ಒಂದು ಏರು ಬರುತ್ತದೆ. ಅಲ್ಲಿ ರೇಸ್ ಕೊಟ್ಟರೆ ಗಂಟಲಿಗೆ ತುತ್ತು ಸಿಕ್ಕವರ ಹಾಗೆ ತಡವರಿಸುತ್ತಿತ್ತು. ಇನ್ನಷ್ಟು ತಿರುವಿದರೆ ಸುಮ್ಮನಾಗುತ್ತಿತ್ತು. ಇಳಿದು, ಪೆಟ್ರೋಲ್ ಇದೆಯೋ ಇಲ್ಲವೋ ಅಂತ ಮುಚ್ಚಳ ತೆಗೆದು ನೋಡುತ್ತಿದ್ದೆ. ಇರುತ್ತಿತ್ತು. ಮುಚ್ಚಿ ಪೆಡಲು ತುಳಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಹೊರಡುತ್ತಿತ್ತು. ಮತ್ತೆ ಒಂದೂವರೆ ಹರದಾರಿ... ಮತ್ತೆ ಅದೇ. ಸಂತೆ ಮುಟ್ಟುವಷ್ಟರಲ್ಲಿ ಗಿರಾಕಿಗಳು ಬೇರೆಯವರ ಹತ್ತಿರ ಎಲೆ ಕಟ್ಟಿಸಿಕೊಂಡು ಹೋಗಿರುತ್ತಿದ್ದರು.

ಹೊಸ ಸಾಮಾನು ಹಾಕಿದ ಮೇಲೆ ಕೆಟ್ಟಿದೆ, ಹಾಗಾದರೆ ಹೊಸ ಸಾಮಾನೇ ಕೆಟ್ಟದ್ದು. ನನ್ನ ಲೆಕ್ಕ ಅಷ್ಟೇ. ಊರಿನ ಲೆಕ್ಕವೂ ಅಷ್ಟೇ. ಮನೆಗೆ ಸೊಸೆ ಬಂದ ವಾರದಲ್ಲಿ ಎಮ್ಮೆ ಸತ್ತರೆ ಯಾರ ಮೇಲೆ ಹೇಳುತ್ತಾರೆ?

ಮಿಸ್ತ್ರಿ ಎರಡು ವಾರ ಆ ಗಾಡಿಯ ಹಿಂದೆ ಬಿದ್ದ. ಪ್ಲಗ್ಗು ಬಿಚ್ಚಿ ನೋಡಿದ, ತುದಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಇಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ ಅಂದ. ಕುದುರೆ ಕೂದಲು ಹಾಕಿ ತೂತು ಒರೆಸಿದ. ಟ್ಯಾಂಕಿನಲ್ಲಿ ಕಸ ಇದೆಯೇ ಅಂತ ಮುಚ್ಚಳ ತೆಗೆದಿಟ್ಟು, ನಳಿಗೆ ಬಿಚ್ಚಿ ನೋಡಿದ. ಧಾರೆ ಚೆನ್ನಾಗಿಯೇ ಬಿತ್ತು. ಮುಚ್ಚಳ ತೆಗೆದಿದ್ದರೆ ಬೀಳದೆ ಏನು ಮಾಡೀತು? ಕಾರ್ಬೊರೇಟರ್ ಕೂಡಿಸಿದ ಜಾಗದಲ್ಲಿ ಗಾಳಿ ಎಳೆಯುತ್ತಿರಬಹುದು, ಸಾಬಾಣದ ನೊರೆ ಹಚ್ಚಿ ನೋಡಬೇಕು ಅಂದ. ಗ್ಯಾರೇಜಿನಲ್ಲಿ ಸಾಬಾಣ ಮುಗಿದಿತ್ತು. ನಾನೇ ಚೀಲದಿಂದ ತೆಗೆದುಕೊಟ್ಟೆ. ಅದೇ ತುಂಡು. ಮೂಲೆ ಮುರಿದದ್ದು ಎದ್ದು ಕಾಣುತ್ತಿತ್ತು. ಆತ ಅದನ್ನು ನೀರಿನಲ್ಲಿ ಉಜ್ಜಿ, ನೊರೆ ಬಳಿದು, ಕಣ್ಣಿಟ್ಟು ನೋಡಿ, ಇಲ್ಲಿಯೂ ಏನಿಲ್ಲ ಅಂದ. ಕೇಡಿನ ಅರ್ಧ ಆತನ ಕೈಯಲ್ಲಿತ್ತು, ಕೊಟ್ಟವಳು ನಾನು, ಇಬ್ಬರಿಗೂ ಕಾಣಲಿಲ್ಲ.

ಗಾಡಿಯನ್ನು ಆತ ಓಡಿಸಿ ನೋಡಿದಾಗಲೆಲ್ಲ ಗ್ಯಾರೇಜಿನಿಂದ ಊರ ಅಗಸಿ ಬಾಗಿಲ ತನಕ ಹೋಗಿ ಬರುತ್ತಿದ್ದ. ಅಷ್ಟಕ್ಕೆ ಅದು ಬಿಕ್ಕುತ್ತಲೇ ಇರಲಿಲ್ಲ. ಕೊನೆಗೆ ಹಳೆಯ ಕಾರ್ಬೊರೇಟರನ್ನೇ ತಿರುಗಿ ಕೂಡಿಸಿ ಕೊಟ್ಟ. ಅದರಲ್ಲೂ ಅದೇ ಏರಿನಲ್ಲಿ ಅದೇ ಬಿಕ್ಕು. "ನೋಡ್ರಿ ಅಕ್ಕಾರ, ಕಾರ್ಬೇಟರದ್ದು ತಪ್ಪಿಲ್ಲ, ಬ್ಯಾರೆ ಎಲ್ಲೋ ಐತಿ" ಅಂತ ಹೇಳಿ ಹೊಸದನ್ನು ಮತ್ತೆ ಹಾಕಿದ. ಬುದ್ಧಿ ಇದ್ದವಳಾದರೆ ನನಗೆ ಆಗ ತಿಳಿಯಬೇಕಿತ್ತು.

ನನಗೆ ತಿಳಿದದ್ದು ಬೇರೆ. ಅಂದು ಸವಣೂರಿನ ಸಂತೆ, ಗ್ಯಾರೇಜಿನ ಮುಂದೆ ಮಂದಿ ನೆರೆದಿತ್ತು. ನಾನು ಗಾಡಿ ಸ್ಟ್ಯಾಂಡಿಗೆ ಹಾಕಿ, ಸೆರಗು ಸಿಕ್ಕಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಹೊಸಾದು ಅಂತ ಹೇಳಿ ಗುಜರಿ ಮಾಲು ಹಾಕ್ಯಾನ. ನನ್ನ ಹೊಸಾದನ್ನ ಬ್ಯಾರೆ ಗಾಡಿಗೆ ಕೂಡ್ಸ್ಯಾನ. ಕೈ ಸ್ವಚ್ಛ ಇಲ್ಲ ಇವಂದು."

ನೋಡಿದ್ದೆನೇ? ಇಲ್ಲ. ಯಾರಾದರೂ ಹೇಳಿದ್ದರೇ? ಇಲ್ಲ. ಬಾಯಿಗೆ ಬಂತು, ಅಂದೆ.

ಮಿಸ್ತ್ರಿ ಗೋಣಿಯ ಮೇಲಿನ ಸಾಮಾನು ನೋಡುತ್ತ ಕೂತಿದ್ದ. ಕಿವಿ ಕೆಂಪಾಗಿದ್ದವು. ಮಾಲಕ ಹೊರಗೆ ಬಂದ. "ಇದ್ದದ್ದ ಹೇಳು. ಈ ಹೆಣ್ಣುಮಗಳ ಗಾಡಿ ಇವತ್ತು ಸರಿ ಆಗಬೇಕು. ಆಗಲಿಲ್ಲ ಅಂದ್ರ ಆಕಿ ಮಾತು ಖರೇ ಅಂತ ನಾ ತಿಳ್ಕೋತೇನಿ, ನೀ ಕೈಯಾಗಿನ ಪಾನಾ ಕೆಳಗಿಟ್ಟು ಕೆಲಸ ಬಿಟ್ಟು ಹೋಗು."

ಮಿಸ್ತ್ರಿ ಎದ್ದ. ನನ್ನ ಕಡೆ ನೋಡಿದ. "ಅಕ್ಕಾರ, ನೀವು ಗಾಡಿ ಹೊಡೀರಿ. ನಾ ಹಿಂದ ಕುಂದರ್ತೇನಿ. ಎಲ್ಲಿ ಬಿಕ್ಕತೈತೋ ಅಲ್ಲೀತನ ಬರ್ತೇನಿ" ಅಂದ.

ಆ ಕಾಲದಲ್ಲಿ ಹೆಂಗಸು ಗಾಡಿ ಹೊಡೆಯುವುದೇ ಒಂದು ತಮಾಷೆ. ಅವಳ ಹಿಂದೆ ಒಬ್ಬ ಗಂಡಸು ಎಲೆ ಪೆಂಡಿ ತೊಡೆಯ ಮೇಲಿಟ್ಟುಕೊಂಡು ಕೂರುವುದೆಂದರೆ... ಸಂತೆಗೆ ಸಂತೆಯೇ ತಿರುಗಿ ನೋಡಿತು. ಬಾಳೆಹಣ್ಣು ಮಾರುವವಳೊಬ್ಬಳು, "ಎಲಿ ಅಕ್ಕಾ, ಮಿಸ್ತ್ರೀನ್ನ ಮಾರಾಕ ಒಯ್ಯಾಕತ್ತಿ ಏನು?" ಅಂತ ಕೂಗಿದಳು. "ಹೌದಬೇ. ಬಿಡಿ ಕೊಡೂದಿಲ್ಲ, ತಗೊಂಡ್ರ ಇಡೀ ಪೆಂಡಿ ತಗೋಬೇಕು" ಅಂತ ನಾನೂ ಕೂಗಿದೆ.

ಏರು ಬಂತು, ಗಾಡಿ ಬಿಕ್ಕಿತು, ನಿಂತಿತು. ನಾನು ಇಳಿದು ದಿನದ ರೂಢಿಯಂತೆ ಮುಚ್ಚಳಕ್ಕೆ ಕೈ ಹಾಕಿದೆ. ಆತ ನನ್ನ ಮಣಿಕಟ್ಟು ಹಿಡಿದ. ಪರಗಂಡಸು ಕೈ ಹಿಡಿದನೆಂದು ನಾನು ಬೈಯಲು ಬಾಯಿ ತೆರೆದೆ.

"ಮುಚ್ಚಳಕ್ಕ ಯಾಕ ಕೈ ಹಾಕ್ತೀರಿ ಅಕ್ಕಾರ?"

"ಪೆಟ್ರೋಲು ಐತೋ ಇಲ್ಲೋ ನೋಡಾಕ. ದಿನಾ ನೋಡ್ತೇನಿ."

"ದಿನಾ?"

"ದಿನಾ. ನೋಡಿ ಮುಚ್ಚೂದ್ರಾಗ ಗಾಡಿ ದಣಿವಾರಿಸ್ಕೊಂಡಿರ್ತೈತಿ. ಆಮ್ಯಾಲೆ ಹೊಂಡತೈತಿ."

ಆತ ನನ್ನ ಕೈ ಬಿಟ್ಟ. ಮಂಡಿ ಊರಿ, ಕಿವಿಯನ್ನು ಮುಚ್ಚಳದ ಹತ್ತಿರ ಒಯ್ದು, ಎರಡು ಬೆರಳಿನಿಂದ ಮೆಲ್ಲಗೆ ತಿರುವಿದ. ಸುಂಯ್ ಅಂತ ಸದ್ದು ಬಂತು. ಹಾವು ಉಸಿರು ಎಳೆದುಕೊಂಡ ಹಾಗೆ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆತ ಮುಚ್ಚಳ ಮಗುಚಿ, ಬೇಲಿಯ ಜಾಲಿಮುಳ್ಳು ಮುರಿದು, ತೂತಿನಿಂದ ಸಾಬಾಣ ಎಬ್ಬಿಸಿದ. ಅಂಗೈಯಲ್ಲಿಟ್ಟು ನನ್ನ ಮೂಗಿನ ಹತ್ತಿರ ಹಿಡಿದ.

"ಮನ್ಯಾಗ ಎಣ್ಣಿ ಡಬ್ಬಿಗೆ ಎಷ್ಟು ತೂತು ಹೊಡೀತೀರಿ ಅಕ್ಕಾರ?"

"ಎರಡು."

"ಯಾಕ?"

ಒಂದೇ ತೂತು ಹೊಡೆದರೆ ಎಣ್ಣೆ ಬೀಳುವುದಿಲ್ಲ, ಗಾಳಿ ಹೋಗಲು ಇನ್ನೊಂದು ಬೇಕು. ಅದು ನನಗೆ ಏಳು ವರ್ಷದವಳಿದ್ದಾಗಿನಿಂದ ಗೊತ್ತು. ಮೊಳೆ ಇಟ್ಟು ಕಲ್ಲಿನಿಂದ ಎರಡು ತೂತು ಹೊಡೆಯುವುದನ್ನು ನನಗೆ ಅವ್ವ ಕಲಿಸಿದ್ದಳು, ನನ್ನ ಮಗಳಿಗೆ ನಾನು ಕಲಿಸಿದ್ದೆ. ಗೊತ್ತಿದ್ದದ್ದೇ ನನ್ನ ಎದುರಿಗೆ ಬಂದು ನಿಂತಾಗ ನಾಚಿಕೆಯಾಯಿತು. ಗೊತ್ತಿಲ್ಲದ್ದು ಬಂದಿದ್ದರೆ ಅಷ್ಟು ಆಗುತ್ತಿರಲಿಲ್ಲ.

"ಸಾಬಾಣ ಯಾರು ಹಚ್ಚಿದ್ರು?"

"ನಾನ."

ಆತ ರಸ್ತೆಯ ಅಂಚಿಗೆ ಕೂತು ನಗತೊಡಗಿದ. ಎರಡು ವಾರದ ನಗು ಒಮ್ಮೆಲೇ ಬಂತು. ಕಣ್ಣು ಒರೆಸಿಕೊಳ್ಳುತ್ತ ನಕ್ಕ. ಪೆಂಡಿ ಇನ್ನೂ ತೊಡೆಯ ಮೇಲೆಯೇ ಇತ್ತು. ಕೊನೆಗೆ ನಗು ಮುಗಿಸಿ ಹೇಳಿದ: "ಅಕ್ಕಾರ, ನನಗ ಬ್ಯಾರೆ ಏನೂ ಬ್ಯಾಡ. ಈ ಮಾತು ಗ್ಯಾರೇಜಿನ ಮುಂದ ಒಂದ ಸರ್ತಿ ಹೇಳಿಬಿಡ್ರಿ. ಸಾಬಾಣ ನಾನ ಹಚ್ಚಿದ್ದೆ ಅಂತ."

"ಹೇಳ್ತೇನಿ, ನಡಿ" ಅಂದೆ. ಮನಸ್ಸಿನಿಂದಲೇ ಅಂದೆ. ಅದನ್ನು ಯಾರು ಬೇಕಾದರೂ ನಂಬಲಿ, ಬಿಡಲಿ.

ತಿರುಗಿ ಬಂದೆವು. ಗಾಡಿ ಬೆಣ್ಣೆಯ ಹಾಗೆ ಓಡಿತು. ಗ್ಯಾರೇಜಿನ ಮುಂದೆ ಮಂದಿ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ನನ್ನ ಜೊತೆಗೆ ಎಲೆ ಮಾರುವ ನಾಲ್ಕು ಜನ ಇದ್ದರು. ಬಾಳೆಹಣ್ಣಿನವಳೂ ಬುಟ್ಟಿ ಬಿಟ್ಟು ಬಂದಿದ್ದಳು. ಮಿಸ್ತ್ರಿ ಹಿಂದಿನಿಂದ ಇಳಿದು, ಪೆಂಡಿ ಜೋಪಾನವಾಗಿ ಗಾಡಿಗೆ ಕಟ್ಟಿ, ನನ್ನ ಪಕ್ಕಕ್ಕೆ ನಿಂತ.

"ಏನಬೇ ಎಲಿ ಅಕ್ಕ, ಏನಾತು ನಿನ್ನ ಕಾರ್ಬೇಟರ ಕತಿ?" ಅಂದ ಮಾಲಕ.

ನಾನು ಬಾಯಿ ತೆರೆದೆ. ಎಲ್ಲರ ಮುಖಗಳೂ ನನ್ನ ಕಡೆ ಇದ್ದವು. ಸಂತೆಯಲ್ಲಿ ಯಾರಿಗೂ ಸೋಲದ ಎಲಿ ಅಕ್ಕ ತನ್ನ ಗಾಡಿಗೆ ತಾನೇ ಸಾಬಾಣ ಮೆತ್ತಿ ಎರಡು ವಾರ ಊರು ಎತ್ತಿ ಕುಣಿಸಿದಳು ಅಂತ ನಾಳೆ ಹಾನಗಲ್ಲಿನ ತನಕ ಹೋಗುತ್ತದೆ. ಅದೆಲ್ಲ ಒಂದೇ ಗಳಿಗೆಯಲ್ಲಿ ಕಂಡಿತು.

"ಸರಿ ಆತು. ಮಾಡ್ಯಾನ" ಅಂದೆ.

ಅಷ್ಟೇ. ಸುಳ್ಳು ಹೇಳಲಿಲ್ಲ ನೋಡಿ. ಸರಿ ಆಗಿದ್ದು ಖರೆ, ಮಾಡಿದ್ದು ಆತನೇ ಖರೆ. ಕೇಳಿದವರಿಗೆ ತಿಳಿದದ್ದು ಬೇರೆ: ಸಿಕ್ಕಿಬಿದ್ದ ಮೇಲೆ ಒಳ್ಳೆಯ ಸಾಮಾನು ತಿರುಗಿ ಹಾಕಿದ. ಮಾಲಕ ಮಿಸ್ತ್ರಿಯ ಮುಖ ನೋಡಿದ ರೀತಿಯಲ್ಲೇ ಅದು ಗೊತ್ತಾಯಿತು. ಮಿಸ್ತ್ರಿ ನನ್ನನ್ನೇ ನೋಡುತ್ತ ನಿಂತಿದ್ದ. ಇನ್ನೂ ಒಂದು ಮಾತು ಬರುತ್ತದೆ ಅಂತ ಕಾಯುತ್ತಿದ್ದ. ನಾನು ಎಲೆ ಬಾಡುತ್ತದೆ ಅಂತ ಹೇಳಿ ಪೆಡಲು ತುಳಿದೆ. ಮುಷ್ಟಿಯಲ್ಲಿ ಆತ ಏನನ್ನೋ ಹಿಡಿದಿದ್ದ. ಆ ಸಾಬಾಣದ ಚೂರೇ ಇರಬೇಕು... ಮುಷ್ಟಿ ಬಿಚ್ಚಿ ಎಲ್ಲರಿಗೂ ತೋರಿಸಬಹುದಿತ್ತು. ತೋರಿಸಲಿಲ್ಲ.

ಮುಂದಿನ ವಾರ ಹೇಳಿದರಾಯಿತು ಅಂದುಕೊಂಡೆ. ಮುಂದಿನ ವಾರ ಗ್ಯಾರೇಜಿನಲ್ಲಿ ಬೇರೆ ಮಿಸ್ತ್ರಿ ಇದ್ದ. ಬಿಚ್ಚಿದ ಸಾಮಾನು ನೆಲದ ತುಂಬ ಚೆಲ್ಲಾಡಿತ್ತು. ಕೇಳಿದರೆ ಮಾಲಕ, "ಕೈ ಸ್ವಚ್ಛ ಇಲ್ಲದಾಂವನ್ನ ಹೆಂಗ ಇಟ್ಕೊಳ್ಳೂದು? ನೀನ ಹೇಳಿದಿ" ಅಂದ. ನನ್ನ ಮಾತನ್ನೇ ನನಗೆ ತಿರುಗಿ ಕೊಟ್ಟ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಆ ಗಾಡಿ ಮುಂದೆ ಎಂಟು ವರ್ಷ ಓಡಿತು, ಆತ ಹಾಕಿದ ಕಾರ್ಬೊರೇಟರಿನ ಮೇಲೆಯೇ. ಒಂದು ದಿನವೂ ಬಿಕ್ಕಲಿಲ್ಲ. ಆತ ಹಿರೇಕೆರೂರಿನಲ್ಲಿ ಸ್ವಂತ ಅಂಗಡಿ ಹಾಕಿದ್ದಾನೆ ಅಂತ ಯಾರೋ ಹೇಳಿದರು. ಒಳ್ಳೇದಾಯಿತು ಬಿಡು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಬಹಳ ಸುಲಭ.

ತಿಳವಳ್ಳಿಯ ಅಂಗಡಿಯವನು ಎಲಿ ಅಕ್ಕ ಅಂದ ಮೇಲೆ ಮೂರು ದಿನ ನನಗೆ ಊಟ ರುಚಿಸಲಿಲ್ಲ. ಆತ ನನ್ನ ಹೆಸರನ್ನು ಒಂದು ಕೆಡುಕಿಗೆ ಇಟ್ಟಿದ್ದಾನೆ, ಊರೂರಿನ ಮಿಸ್ತ್ರಿಗಳು ಅದನ್ನು ದಿನಾ ಅನ್ನುತ್ತಿದ್ದಾರೆ. ಸಿಟ್ಟು ಬಂತು. ಸಿಟ್ಟಿಗೆ ನನಗೇನು ಹಕ್ಕು ಅಂತ ಆಮೇಲೆ ಹೊಳೆಯಿತು. ನಾಲ್ಕನೆಯ ದಿನ ಮಗಳಿಗೆ ದವಾಖಾನೆ ಅಂತ ಹೇಳಿ ಹಿರೇಕೆರೂರಿನ ಬಸ್ಸು ಹತ್ತಿದೆ. ಇಷ್ಟು ಹತ್ತಿರ ಇತ್ತು. ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬಂತು.

ತಗಡಿನ ಅಂಗಡಿ. ಒಳಗೆ ಮೂವರು ಮಿಸ್ತ್ರಿಗಳು ಕೆಲಸ ಮಾಡುತ್ತಿದ್ದರು. ಗೋಣಿಯ ಮೇಲೆ ಸಾಮಾನು ಎಡದಿಂದ ಬಲಕ್ಕೆ. ಗೋಡೆಯ ಮೊಳೆಗೆ ಕುದುರೆ ಕೂದಲಿನ ಒಂದು ಕುಚ್ಚು ತೂಗುತ್ತಿತ್ತು. ಅದರ ಮೇಲೆ ಆತನ ಫೋಟೊ. ಫೋಟೊಕ್ಕೆ ಹಾರ... ನಾನು ಹಾರ ನೋಡುತ್ತ ನಿಂತೆ. ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಫೋಟೊದ ಕೆಳಗೆ ಹೆಸರು ಬರೆದಿತ್ತು. ಆತನ ಹೆಸರು ನಾನು ಓದಿದ್ದು ಅದೇ ಮೊದಲು. ಸವಣೂರಿನಲ್ಲಿ ಕೇಳಿರಲೇ ಇಲ್ಲ. ಇಲ್ಲಿ ಅದನ್ನು ಬರೆಯುವ ಮುಖ ನನಗಿಲ್ಲ.

ಬಿಡಿ ಸಾಮಾನು ಮಾರುವ ಮೇಜಿನ ಹಿಂದೆ ಆತನ ಹೆಂಡತಿ ಕೂತಿದ್ದಳು. ನನ್ನನ್ನು ಗಿರಾಕಿ ಅಂತ ತಿಳಿದು, "ಬರ್ರಿ, ಕುಂದರ್ರಿ, ಏನ ಬೇಕಾಗಿತ್ತು?" ಅಂದಳು. ಎಲಿ ಅಕ್ಕ ಅಂತಾರಲ್ಲ, ಅದೇನು ಅಂತ ಕೇಳಿದೆ. ಅವಳ ಮುಖ ಅರಳಿತು. ಒಬ್ಬ ಕೆಲಸದವನನ್ನು ಕರೆದು ಚಹಾ ತರಿಸಿದಳು.

"ನಮ್ಮ ಮನಿಯವ್ರು ಯಾರ ಬಂದ್ರೂ ಆ ಕತಿ ಹೇಳ್ತಿದ್ರು. ಹೋದ ವರ್ಷ ಹೋಗೂ ಮುಂದ ದವಾಖಾನ್ಯಾಗೂ ನರ್ಸಬಾಯಿಗೆ ಹೇಳಿ ನಗಿಸಿದ್ರು. ಸವಣೂರಾಗ ಒಬ್ಬಾಕಿ ಎಲಿ ಅಕ್ಕ ಅಂತ ಇದ್ಲಂತ, ಭಾಳ ಬಾಯಿ. ಮುಚ್ಚಳಕ್ಕ ಸಾಬಾಣ ಹಚ್ಚಿ ಇವರ ಮ್ಯಾಲೆ ಹಾಕಿದ್ಲಂತ. ಆದ್ರ ಗೊತ್ತಾದ ಕೂಡಲೆ, ತುಂಬಿದ ಸಂತ್ಯಾಗ ನಿಂತು, 'ಮಿಸ್ತ್ರಿದು ತಪ್ಪಿಲ್ಲ, ಸಾಬಾಣ ನಾನ ಹಚ್ಚಿದ್ದೆ, ಇವನ ಕೈ ಸ್ವಚ್ಛ ಐತಿ' ಅಂತ ಕೂಗಿ ಹೇಳಿದ್ಲಂತ. ಅಂಥಾ ಹೆಣ್ಣುಮಗಳನ್ನ ನಾ ಮತ್ತ ನೋಡಲಿಲ್ಲ ಅಂತಿದ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ನುಂಗಿದ ಮಾತನ್ನು ಆತ ಇಪ್ಪತ್ತೈದು ವರ್ಷ ನನ್ನ ಬಾಯಿಂದ ಹೇಳಿಸಿದ್ದ. ಒಂದೊಂದು ಅಕ್ಷರವೂ ನಾನು ಅಂದು ಹೇಳಬೇಕಾಗಿದ್ದ ಹಾಗೆಯೇ.

"ಆ ಎಲಿ ಅಕ್ಕ ನಾನ. ನಾ ಹಂಗ ಹೇಳಲಿಲ್ಲ" ಅಂದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸರಿ ಆತು, ಮಾಡ್ಯಾನ ಅಂದದ್ದು. ಪೆಡಲು ತುಳಿದು ಹೋದದ್ದು. ಮಾಲಕ ಆತನನ್ನು ಕೆಲಸದಿಂದ ಬಿಡಿಸಿದ್ದು.

ಒಳಗೆ ಯಾರೋ ಇಂಜಿನ್ನಿಗೆ ರೇಸ್ ಕೊಡುತ್ತಿದ್ದರು.

"ಊರು ಬಿಡೂ ಮುಂದ, ಸವಣೂರ ನೀರು ಒಗ್ಗವಲ್ದು ಅಂತ ಹೇಳಿದ್ರು ನನಗ" ಅಂದಳು ಕೊನೆಗೆ. "ಏಳು ತಿಂಗಳ ಬಸರಿ ಇದ್ದೆ. ಟ್ರಕ್ಕಿನಾಗ ಸಾಮಾನಿನ ಮ್ಯಾಲೆ ಕುಂತು ಬಂದೆ. ಆ ಕೂಸು ಉಳೀಲಿಲ್ಲ. ನಾ ಇಷ್ಟು ವರ್ಷ ಆ ನೀರಿಗೆ ಬೈಕೋಂತ ಬಂದೆ."

ಕೆಲಸದ ಮೂವರೂ ನಮ್ಮ ಕಡೆ ನೋಡುತ್ತಿದ್ದರು. ಇಷ್ಟಾದ ಮೇಲೆ ಉಳಿಸಿಕೊಳ್ಳುವುದೇನು ಅಂತ ನಾನು ಎದ್ದೆ. "ಅವರಿಗೂ ಹೇಳಿಬಿಡ್ತೇನಿ" ಅಂದೆ. ಅವಳು ಮೇಜಿನ ಆಚೆಯಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಅಂದು ಏರಿನಲ್ಲಿ ಆತ ಹಿಡಿದ ಜಾಗದಲ್ಲೇ.

"ಬ್ಯಾಡ. ನೀವು ಖರೇ ಹೇಳಿ ಹಗರಾಗಿ ಹೋಗಬೇಕಂತ ಬಂದೀರಿ. ಅದು ಆಗೂದಿಲ್ಲ. ಅವರು ಹೆಂಗ ಹೇಳ್ಯಾರೋ ಹಂಗ ಇರಲಿ. ನೀವು ಆ ಒಳ್ಳೆ ಎಲಿ ಅಕ್ಕನ್ನ ಹೊತ್ಕೊಂಡ ಹೋಗ್ರಿ."

ಬಸ್ಸಿಗೆ ಹೊತ್ತಾಯಿತು ಅಂತಲೂ ಅವಳೇ ಹೇಳಿದಳು. ಬಾಗಿಲ ತನಕ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಅಂಗಡಿಯವರಿಗೆ ಹೇಳಬೇಡ ಅಂದಳು, ಬರೆಯಬೇಡ ಅನ್ನಲಿಲ್ಲ. ಅದಕ್ಕೆ ಬರೆದಿದ್ದೇನೆ. ಹಗುರವಾಗಲಿಲ್ಲ, ಅವಳು ಹೇಳಿದ್ದೇ ಸರಿ.

ಅಳಿಯನ ಪಂಪು ಈಗ ಬಿಕ್ಕುವುದಿಲ್ಲ. ಮುಚ್ಚಳದಿಂದ ಒಂದೊಂದು ಹನಿ ಬೀಳುತ್ತದೆ. ಬೆನ್ನಿಗೆ ಹಳೆಯ ರಬ್ಬರ್ ಹಾಳೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾನೆ. ನಿನ್ನೆ ಪಕ್ಕದ ಹೊಲದವನ ಪಂಪು ನಿಂತಿತ್ತಂತೆ. ಇವನು ಹೋಗಿ ಮುಚ್ಚಳ ತೆಗೆದು, "ಎಲಿ ಅಕ್ಕ ಕುಂತಾಳ ನೋಡು" ಅಂದು ಸರಿ ಮಾಡಿ ಬಂದನಂತೆ. ಉಣ್ಣುವಾಗ ಅದನ್ನು ಹೇಳಿ ನಕ್ಕ. ಮಗಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಸವಣೂರಿನಲ್ಲಿ ನನ್ನನ್ನು ಏನಂತ ಕರೆಯುತ್ತಿದ್ದರು ಅನ್ನುವುದು ಅವಳಿಗೆ ಗೊತ್ತು.

"ಯಾರಬೇ ಅವ್ವಾ, ಈ ಎಲಿ ಅಕ್ಕ?" ಅಂದಳು.

ನಾನು ಬಾಯಿ ತೆರೆದೆ...